ಆ ಕಡೆಯ ಅರ್ಧ

ಕೆಲವರಿಗೆ ದೂರದ್ದು ಕಾಣುವುದಿಲ್ಲ, ಕೆಲವರಿಗೆ ಹತ್ತಿರದ್ದು ಕಾಣುವುದಿಲ್ಲ. ಎರಡಕ್ಕೂ ಅಂಗಡಿಯಲ್ಲಿ ಕನ್ನಡಕ ಸಿಗುತ್ತದೆ. ನನ್ನ ಕಣ್ಣಿನ ತೊಂದರೆಗೆ ಮಾತ್ರ ಇನ್ನೂ ಯಾರೂ ಕನ್ನಡಕ ಮಾಡಿಲ್ಲ. ಯಾವುದನ್ನೇ ಎರಡು ಪಾಲು ಮಾಡಿದರೂ ನನ್ನ ಕೈಗೆ ಬಂದದ್ದು ಚಿಕ್ಕದಾಗಿಯೂ ಎದುರಿನವರದು ದೊಡ್ಡದಾಗಿಯೂ ಕಾಣುತ್ತದೆ. ದರ್ಶಿನಿಯಲ್ಲಿ ಬೈಟು ಕಾಫಿ ಹೇಳಿದರೆ ನೊರೆಯೆಲ್ಲ ಸ್ನೇಹಿತನ ಲೋಟದಲ್ಲಿರುತ್ತದೆ. ನಾಚಿಕೆ ಬಿಟ್ಟು ಲೋಟ ಬದಲಾಯಿಸಿಕೊಂಡರೆ, ಅಷ್ಟರಲ್ಲಿ ನೊರೆಯೂ ಲೋಟ ಬದಲಾಯಿಸಿರುತ್ತದೆ. ಬಸ್ಸಿನಲ್ಲಿ ನಾನು ಕೂತ ಕಡೆಗೇ ಬಿಸಿಲು. ನಾನು ಓದಿದ್ದು ಏಳನೆಯ ಕ್ಲಾಸಿನವರೆಗೆ, ಆಮೇಲೆ ರಾಜಾಜಿನಗರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ಮುಂದೆ ನಿಂತವನು ಕೂದಲು ಬೆಳ್ಳಗಾದ ಮೇಲೆಯೇ ಕೂತಿದ್ದು. ಹಾಗಾಗಿ ಈ ಕಾಯಿಲೆಗೆ ದೊಡ್ಡ ಡಾಕ್ಟರುಗಳು ಏನು ಹೆಸರು ಹೇಳುತ್ತಾರೋ ತಿಳಿಯದು. ನನ್ನ ಹೆಂಡತಿ ಸುಶೀಲ ಒಂದು ಹೆಸರು ಇಟ್ಟಿದ್ದಾಳೆ. ಅದು ಅಚ್ಚು ಹಾಕಿಸುವಂಥದ್ದಲ್ಲ.

ಈ ಕಾಯಿಲೆ ನನ್ನದಾದರೂ ಇದರ ಕಷ್ಟ ಅನುಭವಿಸಿದವಳು ನನ್ನ ಅಕ್ಕ. ನಮ್ಮ ಕಡೆ ಒಂದು ಪದ್ಧತಿಯಿದೆ. ಅದು ಹೊಲವಾಗಲಿ, ಮನೆಯಾಗಲಿ, ಹಬ್ಬದ ಒಬ್ಬಟ್ಟಾಗಲಿ, ಪಾಲು ಮಾಡುವವರು ದೊಡ್ಡವರು, ಮೊದಲು ಆರಿಸಿಕೊಳ್ಳುವವರು ಚಿಕ್ಕವರು. ಪಾಲು ಮಾಡುವವರಿಗೆ ಉಳಿದದ್ದೇ ಸಿಗುವುದರಿಂದ ಅವರು ನ್ಯಾಯವಾಗಿಯೇ ಮಾಡುತ್ತಾರೆ ಎಂದು ಹಿಂದಿನವರ ಲೆಕ್ಕ. ಅವರು ನನ್ನಂಥವನನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಕ್ಕ ಒಬ್ಬಟ್ಟನ್ನು ನಾಲಿಗೆ ಕಚ್ಚಿಕೊಂಡು, ಹೂರಣ ಆಚೀಚೆ ಆಗದ ಹಾಗೆ ಮುರಿಯುತ್ತಿದ್ದಳು. ನಾನು ಒಂದನ್ನು ಎತ್ತಿಕೊಂಡು, ಅವಳದನ್ನು ನೋಡಿ ಅಳುತ್ತಿದ್ದೆ. ಅವಳು ಬದಲಾಯಿಸಿ ಕೊಡುತ್ತಿದ್ದಳು. ನಾನು ಮತ್ತೆ ಅಳುತ್ತಿದ್ದೆ. ಕೊನೆಗೆ ನಾನೇ ಒಂದು ಉಪಾಯ ಕಂಡುಕೊಂಡೆ. ನನಗೆ ಬೇಕಾದ ಪಾಲನ್ನು ಮೊದಲೇ ನೆಕ್ಕಿಬಿಡುವುದು. ಎಂಜಲಾದದ್ದನ್ನು ಯಾರು ಕೇಳುತ್ತಾರೆ? ಅಕ್ಕ ಇನ್ನೊಂದನ್ನು ತೆಗೆದುಕೊಂಡು ಹೋಗುತ್ತಿದ್ದಳು. ನನ್ನ ಜಾಣತನ ಅವಳಿಗೆ ಗೊತ್ತಾಗಲಿಲ್ಲ ಎಂದು ಬಹಳ ವರ್ಷ ನಂಬಿದ್ದೆ.

ಅಕ್ಕ ಎಸ್ಸೆಸ್ಸೆಲ್ಸಿ ಪಾಸು. ಮದುವೆಯಾಗಲಿಲ್ಲ. ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದಳು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿಯೇ ಅವಳೊಂದು ನಿಧಿ ಶುರುಮಾಡಿದಳು. ಅದರ ಹೆಸರು ಮುಪ್ಪಿನ ನಿಧಿ. ಅದರ ಅಧ್ಯಕ್ಷೆ, ಖಜಾಂಚಿ, ಕಾವಲುಗಾರ್ತಿ ಎಲ್ಲ ಅವಳೇ. ಸದಸ್ಯ ನಾನೊಬ್ಬ. ಸಂಬಳ ಬಂದ ದಿನವೇ ಇಬ್ಬರೂ ಒಂದಿಷ್ಟು ಹಾಕಬೇಕು, ಮುಪ್ಪು ಬರುವವರೆಗೂ ಮುಟ್ಟಬಾರದು. ಚೀಟಿಯವರನ್ನೂ ನಂಬುವಹಾಗಿಲ್ಲ, ಆಫೀಸಿನವರು ಕೊಡುವುದು ಸಾಲುವುದಿಲ್ಲ, ನಮ್ಮ ಮುಪ್ಪನ್ನು ನಾವೇ ನೋಡಿಕೊಳ್ಳಬೇಕು ಎಂಬುದು ಅವಳ ವಾದ. ನನಗೆ ಸ್ಕೂಟರ್ ಬೇಕೆನಿಸಿದಾಗ, ಟಿವಿ ಬೇಕೆನಿಸಿದಾಗ ಸೊಂಟ ಹಿಡಿದುಕೊಂಡು ಅವಳ ಮುಂದೆ ಓಡಾಡುತ್ತಿದ್ದೆ. ಅವಳು ಮೇಲಿನಿಂದ ಕೆಳಗೆ ನೋಡಿ, ನಿನಗಿನ್ನೂ ಮುಪ್ಪು ಬಂದಿಲ್ಲ ಎಂದು ತೀರ್ಪು ಕೊಡುತ್ತಿದ್ದಳು. ಇಷ್ಟೆಲ್ಲ ಕಾದು ಆ ನಿಧಿಯಲ್ಲಿ ಅವಳು ಕೊಂಡದ್ದು ಬೆಂಗಳೂರಿನ ಅಂಚಿನ ಉಲ್ಲಾಳದಲ್ಲಿ ನಲವತ್ತು ಅರವತ್ತರ ಒಂದು ಸೈಟು. ಆಗ ಅಲ್ಲಿ ಸೈಟು ನೋಡಲು ಹೋದರೆ ನಮ್ಮನ್ನು ನೋಡಲು ಎಮ್ಮೆಗಳು ಬರುತ್ತಿದ್ದವು. ಇಲ್ಲಿ ಯಾರು ಬಾಡಿಗೆಗೆ ಬರ್ತಾರೆ ಅಕ್ಕ ಎಂದು ನಾನು ನಕ್ಕಿದ್ದೆ. ಈಗ ಕಾಲೇಜು ಹುಡುಗರು ರೂಮು ಕೇಳಿಕೊಂಡು ಗೇಟು ಗೇಟು ತಟ್ಟುತ್ತಾರೆ.

ಇನ್ನೊಂದು ವಿಷಯ ಹೇಳದಿದ್ದರೆ ನನ್ನ ಅಪರಾಧ ಪೂರ್ತಿ ತಿಳಿಯುವುದಿಲ್ಲ. ರಾಜಾಜಿನಗರದಲ್ಲಿ ಅಪ್ಪನ ಪುಟ್ಟ ಮನೆಯಿತ್ತು. ಅಪ್ಪ ಹೋದಮೇಲೆ ಅಕ್ಕ ತನ್ನ ಪಾಲಿನ ಹಕ್ಕನ್ನು ನನ್ನ ಹೆಸರಿಗೆ ಬಿಟ್ಟುಕೊಟ್ಟು ಸಹಿ ಹಾಕಿದಳು. ಸಹಿ ಹಾಕಿ ಬಂದು, ಎದುರಿನ ಹೋಟೆಲಿನಲ್ಲಿ ನನ್ನ ಜೊತೆ ಒಂದು ಮಸಾಲೆದೋಸೆ ತಿಂದು, ತಾನು ಬಾಡಿಗೆಗಿದ್ದ ಚಂದ್ರಾ ಲೇಔಟಿನ ಮನೆಗೆ ಬಸ್ಸು ಹತ್ತಿದಳು. ಆ ದಿನವೂ ಅವಳ ದೋಸೆ ನನ್ನದಕ್ಕಿಂತ ಗರಿಯಾಗಿತ್ತು ಎಂದು ನನಗೆ ನೆನಪಿದೆ. ನನ್ನ ಕಾಯಿಲೆ ಅಂಥದ್ದು.

ಇಬ್ಬರೂ ಕೆಲಸದಿಂದ ಬಿಡುಗಡೆಯಾದ ಮೇಲೆ ಮುಪ್ಪು ಬಂದಿದೆ ಎಂದು ಅಕ್ಕ ಅಧಿಕೃತವಾಗಿ ಒಪ್ಪಿದಳು. ಸೈಟನ್ನು ಎರಡು ಮಾಡುವುದು, ಅವರವರ ಅರ್ಧದಲ್ಲಿ ಅವರವರು ಕಟ್ಟುವುದು ಎಂದಾಯಿತು. ಅವಳಿಗೆ ಅವಸರವಿತ್ತು. ಚಂದ್ರಾ ಲೇಔಟಿನ ಮನೆ ಮಾಲೀಕರು ಮಗನ ಮದುವೆಗೆ ಮನೆ ಬೇಕೆಂದು ಖಾಲಿ ಮಾಡಲು ಹೇಳಿದ್ದರು. ಕೆಳಗೆ ತಾನಿದ್ದು, ಮೇಲೆ ಬಾಡಿಗೆಗೆ ಕೊಟ್ಟರೆ ಊಟಕ್ಕೂ ಔಷಧಿಗೂ ಯಾರ ಮುಂದೆಯೂ ಕೈಚಾಚಬೇಕಾಗಿಲ್ಲ. ಪಿಂಚಣಿ ಇಲ್ಲದವಳಿಗೆ ಆ ಬಾಡಿಗೆಯೇ ಪಿಂಚಣಿ. ಖಾತೆ ಬೇರೆಯಾಗದೆ ಪ್ಲಾನಿಲ್ಲ, ಪ್ಲಾನಿಲ್ಲದೆ ಪಾಯವಿಲ್ಲ. ನಾನು ಒಂದು ಕಡೆ ಕೈ ತೋರಿಸಿದರೆ ಎಲ್ಲ ಶುರುವಾಗುತ್ತಿತ್ತು.

ಒಂದು ಭಾನುವಾರ ಅಕ್ಕ ದಾರ, ಗೂಟ, ಸುಣ್ಣದ ಪುಡಿ ಹಿಡಿದು ಬಂದು ಪಾಲು ಮಾಡಿದಳು. ನಮ್ಮದು ಮೂಲೆ ಸೈಟು. ಒಂದರ್ಧಕ್ಕೆ ಎರಡು ರಸ್ತೆ, ಇನ್ನೊಂದರ್ಧದಲ್ಲಿ ಒಂದು ಹೊಂಗೆ ಮರ. ಮೂಲೆಗೆ ಗಿರಾಕಿ ಜಾಸ್ತಿ, ಮರ ಜಾಗ ತಿನ್ನುತ್ತದೆ, ಅದಕ್ಕೇ ಮರದ ಕಡೆಗೆ ಒಂದಡಿ ಹೆಚ್ಚು ಎಂದು ಗೆರೆಯನ್ನು ಒಂದಿಷ್ಟು ಆಚೆ ಎಳೆದಳು. ಅದೇ ಒಬ್ಬಟ್ಟು ಮುರಿಯುವ ಮುಖ, ಅದೇ ಹಲ್ಲಿನ ನಡುವೆ ನಾಲಿಗೆ. ಎದ್ದುನಿಂತು ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು. "ಆರಿಸ್ಕೋ ಪುಟ್ಟ."

ಮೊಮ್ಮಗುವಿರುವ ನನ್ನನ್ನು ಪುಟ್ಟ ಎನ್ನುವವಳು ಈ ಭೂಮಿಯ ಮೇಲೆ ಅವಳೊಬ್ಬಳೇ. ನಾನು ಮೂಲೆ ಎಂದೆ. ಆ ವಾರ ಟೀ ಅಂಗಡಿಯಲ್ಲಿ ಗೆಳೆಯ ಗಂಗಣ್ಣ, ಮೂಲೆ ಸೈಟಿಗೆ ಬೀದಿ ನಾಯಿಗಳೆಲ್ಲ ನೆಂಟರು, ಎರಡೂ ಕಡೆಯ ಧೂಳು ನಿನಗೇ ಎಂದ. ಅಕ್ಕನ ಹತ್ತಿರ ಹೋಗಿ ಮರದ್ದು ಕೊಡು ಎಂದೆ. ತಗೋ ಎಂದಳು. ಮುಂದಿನ ವಾರ ಅದೇ ಗಂಗಣ್ಣ, ಮೂಲೆಯಲ್ಲಿ ಒಂದು ಶಟರ್ ಹಾಕಿದರೆ ಅಂಗಡಿಗೆ ಜನ ಮುಗಿಬೀಳುತ್ತಾರೆ, ನೀನೆಂಥ ದಡ್ಡ ಎಂದ. ನಾನು ಮತ್ತೆ ಚಂದ್ರಾ ಲೇಔಟಿಗೆ ಹೋದೆ. ಹೊರಡುವಾಗ ಸುಶೀಲ ಚಪ್ಪಲಿ ಎತ್ತಿಟ್ಟು ತಡೆದಳು. "ಅವ್ರು ಈ ಮನೇನೇ ನಿಮಗೆ ಬಿಟ್ಟುಕೊಟ್ಟವ್ರು. ನೀವು ಒಂದು ಗೆರೆ ಬಿಡಕ್ಕಾಗ್ದೆ ಒದ್ದಾಡ್ತಿದೀರಲ್ಲ." ಬೇರೆ ಚಪ್ಪಲಿ ಹಾಕಿಕೊಂಡು ಹೋದೆ.

ಅಕ್ಕನ ಮನೆಯಲ್ಲಿ ಅರ್ಧ ಸಾಮಾನು ಆಗಲೇ ರಟ್ಟಿನ ಡಬ್ಬಗಳಲ್ಲಿತ್ತು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು. ಬೈಯಲಿಲ್ಲ. ಡಬ್ಬವೊಂದರ ಮೇಲೆ ಕೂತು, ಈ ಸಲ ಪದ್ಧತಿ ತಿರುಗಿಸೋಣ ಎಂದಳು. ನಾನು ಪಾಲು ಮಾಡಬೇಕು, ಅವಳು ಆರಿಸಬೇಕು. ಮುಂದಿನ ಭಾನುವಾರ ಅವಳು ಕೈ ತೋರಿಸಿದರೆ ಮುಗಿಯಿತು, ಆಮೇಲೆ ಅಳುವಹಾಗಿಲ್ಲ.

ಅಳುವಹಾಗಿಲ್ಲ ಎಂದಮೇಲೆ ಉಪಾಯವನ್ನಾದರೂ ಮಾಡಬೇಕಲ್ಲ. ಮೊದಲು ಟೇಪು ಹಿಡಿದು, ಗೆರೆಯನ್ನು ಸರಿಯಾಗಿ ನಟ್ಟನಡುವೆ ಹಾಕಿದೆ. ಯಾರು ಬೇಕಾದರೂ ಅಳೆದು ನೋಡಬಹುದು, ಇದಕ್ಕಿಂತ ನ್ಯಾಯ ಉಂಟೇ? ಮರದ ಕಡೆಗಿದ್ದ ಆ ಒಂದಡಿ ಹೀಗೆ ನ್ಯಾಯವಾಗಿಯೇ ನನ್ನ ಮೂಲೆಗೆ ಬಂತು. ಇನ್ನು ಅಕ್ಕ ಮೂಲೆಯ ಕಡೆ ಕೈ ತೋರಿಸದಿದ್ದರೆ ಸಾಕು. ಮಂಜ ಎಂಬ ಟೆಂಪೋದವನು ಹಳೆ ಮನೆ ಒಡೆದ ಇಟ್ಟಿಗೆ ಮಣ್ಣು ಎಲ್ಲಿ ಸುರಿಯುವುದೆಂದು ಊರೆಲ್ಲ ಸುತ್ತುತ್ತಿದ್ದ. ನನ್ನ ಮೂಲೆಯಲ್ಲಿ ಒಂದೇ ಒಂದು ಲೋಡು ಹಾಕು ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಅವನ ಸರ್ವಿಸ್ಸಿನಲ್ಲಿ ಸೈಟಿನ ಯಜಮಾನ ಕರೆದು ಹಾಕಿಸಿಕೊಂಡದ್ದು ಅದೇ ಮೊದಲಂತೆ.

ನಮ್ಮ ಬೆಂಗಳೂರಿನ ಬಗ್ಗೆ ಒಂದು ಮಾತು ನಾನು ಮರೆತಿದ್ದೆ. ಖಾಲಿ ಸೈಟಿನಲ್ಲಿ ಒಂದು ಲೋಡು ಬಿದ್ದಿತೆಂದರೆ ಅದು ಒಂದು ಲೋಡಲ್ಲ, ಇಡೀ ಬಡಾವಣೆಗೆ ಕೊಟ್ಟ ಆಮಂತ್ರಣ. ಮಾರನೆಯ ದಿನ ಹೋಗುವಷ್ಟರಲ್ಲಿ ಒಂದು ಹಾಸಿಗೆ, ಒಡೆದ ಕಮೋಡು, ಎಳನೀರಿನ ಬುರುಡೆಗಳು ಬಂದು ನೆಲೆಸಿದ್ದವು. ನನ್ನ ಕಣ್ಣೆದುರೇ ಒಬ್ಬ ಹೆಂಗಸು ಸ್ಕೂಟರ್ ನಿಲ್ಲಿಸಿ ಚೀಲ ಎಸೆದಳು. ಏನಮ್ಮ ಇದು ಎಂದರೆ, "ಎಲ್ರೂ ಇಲ್ಲೇ ಹಾಕ್ತಾರಲ್ಲ ಅಂಕಲ್, ನೀವೂ ಹಾಕಿ" ಎಂದು ಹೇಳಿ ಹೋದಳು. ಇಲ್ಲಿ ಕಸ ಹಾಕಬಾರದು ಎಂದು ಬೋರ್ಡು ನೆಟ್ಟೆ. ಜಾಗ ಹುಡುಕುತ್ತಿದ್ದವರಿಗೆ ಅದರಿಂದ ಗುರುತು ಸುಲಭವಾಯಿತು. ಕೊನೆಗೆ ಕಸ ಮರದ ಕಡೆಗೂ ಹರಡತೊಡಗಿದಾಗ, ಯಾರೋ ಹೇಳಿದರೆಂದು ದೇವರ ಫೋಟೋ ತಂದು ಹೊಂಗೆ ಮರಕ್ಕೆ ಒರಗಿಸಿಟ್ಟೆ. ದೇವರಿರುವ ಕಡೆ ಯಾರು ಕಸ ಹಾಕುತ್ತಾರೆ? ಕಸ ಹಾಕಲಿಲ್ಲ. ಗಾಜು ಒಡೆದ, ಗೆದ್ದಲು ತಿಂದ ದೇವರ ಫೋಟೋಗಳನ್ನು ಏನು ಮಾಡುವುದೆಂದು ಮನೆಯಲ್ಲಿ ಇಟ್ಟುಕೊಂಡು ಒದ್ದಾಡುತ್ತಿದ್ದ ಭಕ್ತರೆಲ್ಲ ತಂದು ಅಲ್ಲಿ ಇಟ್ಟು ಕೈಮುಗಿದು ಹೋದರು. ಭಾನುವಾರದ ಹೊತ್ತಿಗೆ ಮೂಲೆಯಲ್ಲಿ ಕಸ, ಮರದ ಕೆಳಗೆ ದೇವಲೋಕ, ನಾನು ಹಾಕಿದ ಗೆರೆ ಎಲ್ಲಿದೆಯೆಂದು ನನಗೇ ತಿಳಿಯದಂತಾಗಿತ್ತು.

ಅಕ್ಕ ಬಂದಳು. ಮೂಗಿಗೆ ಸೆರಗು ಹಿಡಿದು, ಇಟ್ಟಿಗೆ ಗುಡ್ಡೆ ನೋಡಿದಳು, ಕಮೋಡು ನೋಡಿದಳು, ಬೋರ್ಡು ಓದಿದಳು. ಯಾರೋ ಪಾಪಿಗಳು ತಂದು ಸುರಿದಿದ್ದಾರೆ ಅಕ್ಕ ಎಂದು ನಾನು ಶುರುಮಾಡಿದೆ. ಅವಳು ಕೇಳಿಸಿಕೊಳ್ಳದೆ ಮರದ ಕಡೆ ಹೋಗಿ ಕಾಂಡದ ಮೇಲೆ ಕೈಯಿಟ್ಟಳು.

"ನನಗೆ ಇದೇ ಇರ್ಲಿ."

ನನ್ನ ಎದೆ ಹಗುರಾಯಿತು. ಅದನ್ನು ತೋರಿಸಿಕೊಳ್ಳಬಾರದೆಂದು, ಇನ್ನೊಂದು ಸಲ ಯೋಚನೆ ಮಾಡು, ಮೂಲೆಗೂ ಬೆಲೆಯಿದೆ ಎಂದು ಸುಮ್ಮನೆ ಅಂದೆ. ಅಕ್ಕ ನನ್ನನ್ನು ನೋಡಿ ನಕ್ಕಳು. ಆ ನಗುವಿನಲ್ಲಿ ಸಿಟ್ಟಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಬೇಕಾದ್ದನ್ನ ನೀನು ಎಂಜಲು ಮಾಡಿಡ್ತೀಯ ಅಂತ ನನಗೆ ಗೊತ್ತಿಲ್ವೇನೋ? ಆಗ ನಾಲಿಗೇಲಿ ಮಾಡ್ತಿದ್ದೆ, ಈಗ ಟೆಂಪೋಲಿ ಮಾಡಿದೀಯ. ಮೂಲೆ ಬೇಕು ಅಂದಿದ್ರೆ ಕೊಡ್ತಿದ್ದೆ ಕಣೋ. ಯಾವತ್ತು ಕೊಟ್ಟಿಲ್ಲ ನಾನು?"

ನಾನು ಕಮೋಡಿನ ಕಡೆ ನೋಡುತ್ತ ನಿಂತೆ. ಬೇರೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ.

ಆಮೇಲೆ ಆದದ್ದು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ನನ್ನ ಬೆನ್ನು ನೋವಿದೆ. ಒಂದು ಲೋಡು ಹಾಕಿಸುವುದು ಸುಲಭ, ಎತ್ತಿಸುವುದು ಕಷ್ಟ. ಮಂಜನಿಗೆ ಫೋನು ಮಾಡಿದರೆ ಸುರಿಯುವುದಕ್ಕೆ ನಿಮ್ಮ ಸೈಟು ಬಿಟ್ಟರೆ ಬೇರೆ ಜಾಗ ಗೊತ್ತಿಲ್ಲ ಅಣ್ಣ ಎಂದ. ಪಿಕಾಸಿ, ಪುಟ್ಟಿ ಹಿಡಿದು ನಾನೇ ಇಳಿದೆ. ಅಕ್ಕನ ಕಡೆಯನ್ನು ಮೊದಲು ಖಾಲಿ ಮಾಡಿದೆ. ಅಷ್ಟು ಮಾಡಿದರೂ ಪಾಯ ತಡವಾಯಿತು, ಚಂದ್ರಾ ಲೇಔಟಿನ ಮಾಲೀಕರ ಗಡುವು ಮುಗಿಯಿತು. ಅಕ್ಕ ತನ್ನ ರಟ್ಟಿನ ಡಬ್ಬಗಳ ಜೊತೆ, ತಾನೇ ಸಹಿ ಹಾಕಿ ಬಿಟ್ಟುಕೊಟ್ಟ ಅಪ್ಪನ ಮನೆಗೆ ನೆಂಟರ ಹಾಗೆ ಬಂದಳು. ತನ್ನ ಮನೆ ಏಳುವವರೆಗೂ ಅಡುಗೆಮನೆ ಪಕ್ಕದ ಪುಟ್ಟ ಕೋಣೆಯಲ್ಲಿದ್ದಳು. ಬೆಳಿಗ್ಗೆ ಸ್ನಾನಕ್ಕೆ ಹೋಗುವ ಮುಂಚೆ ನೀರು ಕಾಯಿಸಿಕೊಳ್ಳಲಾ ಎಂದು ಸುಶೀಲಳನ್ನು ಕೇಳುವಳು. ಅಪ್ಪ ಕಟ್ಟಿಸಿದ ಬಚ್ಚಲಿಗೆ ಅಕ್ಕ ಅಪ್ಪಣೆ ಕೇಳುವುದನ್ನು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದೆ. ಆ ದಿನಗಳಲ್ಲಿ ಪೇಪರಿನಲ್ಲಿ ಏನು ಬಂದಿತ್ತೆಂದು ಕೇಳಿದರೆ ನನಗೆ ಗೊತ್ತಿಲ್ಲ.

ವಿಭಾಗ ಪತ್ರ ಬರೆಸುವ ದಿನ, ಯಾರೂ ಕೇಳದಿದ್ದರೂ ನಾನೇ ಬಾಯಿಬಿಟ್ಟೆ. ಗೆರೆ ನಟ್ಟನಡುವೆ ಬೇಡ, ಅಕ್ಕ ಮೊದಲು ಹಾಕಿದ ಕಡೆಯೇ ಇರಲಿ, ಮರ ಜಾಗ ತಿನ್ನುತ್ತದೆ ಎಂದೆ. ಬರೆಯುವವನು ಯಾರಿಗೆ ಹೆಚ್ಚು ಎಂದು ಎರಡು ಸಲ ಕೇಳಿದ. ಅವನ ಅನುಭವದಲ್ಲಿ ಆ ಒಂದಡಿಯನ್ನು ಬಿಡುತ್ತೇನೆ ಎಂದವರು ಕಡಿಮೆಯಿರಬೇಕು. ನನ್ನ ಜೀವನದಲ್ಲಿ ನಾನಾಗಿಯೇ ಬಿಟ್ಟುಕೊಟ್ಟದ್ದು ಆ ಒಂದಡಿ ಮಾತ್ರ. ಅದನ್ನು ನಾನು ಮರೆಯಲಿಲ್ಲ ಎಂಬುದೇ ತೊಂದರೆ. ಅಕ್ಕ ಅಲ್ಲಿ ತುಳಸಿ ಕುಂಡ ಇಟ್ಟಿದ್ದಾಳೆ. ಪ್ರತಿ ಸಲ ಹೋದಾಗಲೂ ಅದು ಚೆನ್ನಾಗಿ ಬೆಳೆದಿರುತ್ತದೆ.

ಈಗ ಅಕ್ಕನ ಮನೆ ಎದ್ದಿದೆ. ಮೇಲೆ ಕಾಲೇಜಿನ ಇಬ್ಬರು ಹುಡುಗಿಯರು ಬಾಡಿಗೆಗಿದ್ದಾರೆ, ಸಂಜೆ ಬಂದು ಅಜ್ಜಿ ಅಜ್ಜಿ ಎಂದು ಅವಳ ಹತ್ತಿರ ಉಪ್ಪಿನಕಾಯಿ ವಸೂಲು ಮಾಡುತ್ತಾರೆ. ನನ್ನ ಮೂಲೆಯಲ್ಲಿ ಶಟರ್ ಹಾಕಿಸಿದ್ದೇನೆ. ಗಂಗಣ್ಣ ಹೇಳಿದ ಜನ ಇನ್ನೂ ಮುಗಿಬಿದ್ದಿಲ್ಲ. ನಾಯಿಗಳು ಮಾತ್ರ ಅವನು ಮೊದಲು ಹೇಳಿದ ಹಾಗೆಯೇ ಬಂದಿವೆ. ಎರಡು ರಸ್ತೆಯ ಬಿಸಿಲು ಶಟರಿಗೆ ಹೊಡೆಯುವುದರಿಂದ ಮಧ್ಯಾಹ್ನ ಒಳಗೆ ಕೂರಲಾಗುವುದಿಲ್ಲ. ಕುರ್ಚಿ ಎತ್ತಿಕೊಂಡು ಹೊಂಗೆ ಮರದ ಕೆಳಗೆ ಹೋಗಿ ಕೂರುತ್ತೇನೆ.

ಮೊನ್ನೆ ಹಾಗೆ ಕೂತಿದ್ದಾಗ ಅಕ್ಕ ಒಂದು ಪಾತ್ರೆಯಲ್ಲಿ ಕಾಫಿ ತಂದು ಎರಡು ಲೋಟಕ್ಕೆ ಬಗ್ಗಿಸಿದಳು. ನಾಲಿಗೆ ಕಚ್ಚಿಕೊಂಡು, ನೊರೆ ಆಚೀಚೆ ಆಗದ ಹಾಗೆ. ಆಮೇಲೆ ಎರಡನ್ನೂ ನನ್ನ ಮುಂದೆ ಹಿಡಿದಳು.

"ಆರಿಸ್ಕೋ ಪುಟ್ಟ."

ನಾನು ಹತ್ತಿರದ್ದನ್ನು ತೆಗೆದುಕೊಂಡೆ. ಅವಳ ಲೋಟದ ಕಡೆ ಕಣ್ಣು ಹೋಗಬಾರದೆಂದು ಗಟ್ಟಿಮನಸ್ಸು ಮಾಡಿ ತಲೆಯೆತ್ತಿ ಮರವನ್ನು ನೋಡಿದೆ. ಒಳ್ಳೆ ಮರ. ಎಂಥ ನೆರಳು, ಎಂಥ ಗಾಳಿ. ಅದೂ ಅವಳದೇ.