ನನ್ನ ಕಾರಿಗೆ ಬಾಲ ಬಂದದ್ದು

ಜನವರಿ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ನಾನು ಲೊಕ್ಕನಹಳ್ಳಿಗೆ ಹೋಗುವ ರಸ್ತೆಯ ಎಡಬದಿಯಲ್ಲಿ, ಒಂದು ಹುಣಸೆ ಮರದಿಂದ ಹದಿನಾಲ್ಕು ಹೆಜ್ಜೆ ಈಚೆಗೆ ನಿಂತಿದ್ದೆ. ಬಲಗಾಲಿನಲ್ಲಿ ಚಪ್ಪಲಿ ಇತ್ತು. ಎಡಗಾಲಿನಲ್ಲಿ ಇರಲಿಲ್ಲ. ಎದುರಿಗೆ ನನ್ನ ಕಾರು ಹೊಗೆಯಾಡುತ್ತಿತ್ತು. ಹೆಜ್ಜೆಗಳನ್ನು ಆಮೇಲೆ ಎಣಿಸಿದೆ; ಆ ಹೊತ್ತಿನಲ್ಲಿ ಎಣಿಸುವ ಸ್ಥಿತಿಯಲ್ಲಿರಲಿಲ್ಲ.

ಈ ಘಟನೆಯ ಬಗ್ಗೆ ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಮೂರು ಬೇರೆ ಬೇರೆ ವರದಿಗಳು ಓಡಾಡುತ್ತಿವೆ. ಒಂದರ ಪ್ರಕಾರ ಕಾರು ಸ್ವಲ್ಪ ದೂರ ಹಾರಿತು. ಹಾರಲಿಲ್ಲ! ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುವುದು ನನ್ನ ಕರ್ತವ್ಯವಾಗಿದೆ.

ನಾನು ಮಗ್ಗದವನು. ಒಂದು ಎಳೆ ತಪ್ಪಿದರೆ ಸೀರೆಯ ಉದ್ದಕ್ಕೂ ಕಾಣುತ್ತದೆ. ಹಾಗಾಗಿ ಅಳೆಯದೆ ನಾನು ಯಾವುದಕ್ಕೂ ಕೈ ಹಾಕುವವನಲ್ಲ. ನನ್ನ ಕಾರಿಗೆ ಇಪ್ಪತ್ತೆರಡು ವರ್ಷ. ಲೀಟರಿಗೆ ಹನ್ನೊಂದು ಕಿಲೋಮೀಟರ್ ಓಡುತ್ತಿತ್ತು. ನನ್ನ ಹೆಂಡತಿ ರತ್ನ ಅದನ್ನು ‘ಕುಡುಕ’ ಎಂದೇ ಕರೆಯುತ್ತಿದ್ದಳು.

"ಸೋಮವಾರ ಗುಜರಿಯವ್ನು ಬತ್ತಾನೆ," ಎಂದಳು ಒಂದು ದಿನ, ಕಾಫಿ ಲೋಟ ಕೈಗಿಡುತ್ತಾ. "ಅದ್ನ ಎತ್ಕಂಡ್ ಓಗ್ಲಿ ಬುಡಿ. ಮನೆ ಮುಂದೆ ಎಲ್ಡು ಹೂವಿನ ಗಿಡಕ್ಕಾದ್ರೂ ಜಾಗ ಆಯ್ತದೆ."

ಮಗಳನ್ನು ಹೆರಿಗೆಗೆ ಕರೆದುಕೊಂಡು ಹೋಗಿ, ಮೊಮ್ಮಗಳ ಜೊತೆ ವಾಪಸು ಕರೆತಂದದ್ದು ಅದೇ ಕಾರಿನಲ್ಲಿ. ಕುಡುಕನಾದರೂ ನಂಬಿಕಸ್ಥ.

"ಭಾನುವಾರ ಲೊಕ್ಕನಹಳ್ಳಿಗೆ ನಿನ್ ತಂಗಿ ಮನೆಗೆ ಓಯ್ತೀವಲ್ಲ, ಅಲ್ಲಿಗಂಟ ಟೈಮ್ ಕೊಡು," ಎಂದು ಬೇಡಿಕೊಂಡೆ. "ಲೀಟ್ರುಗೆ ಹದಿನೈದು ಓಡ್ಲಿಲ್ಲ ಅಂದ್ರೆ ನಾನೇ ಬೀಗದ ಕೈ ಕೊಡ್ತೀನಿ."

"ಹದ್ನೈದಾ?" ಎಂದಳು. "ತಳ್ಕಂಡ್ ಓದ್ರೂ ಬರಕಿಲ್ಲ."

ನನ್ನ ಧೈರ್ಯಕ್ಕೆ ಕಾರಣವಿತ್ತು. ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದೆ. ಯಾವುದೋ ದೇಶದ ಒಬ್ಬ ಮನುಷ್ಯ ತನ್ನ ಹಳೆಯ ಕಾರಿಗೆ ರಟ್ಟು, ತಗಡು ಕಟ್ಟಿ, ಹಿಂದೊಂದು ಚೂಪಾದ ಬಾಲ ಸೇರಿಸಿದ್ದ. ಕಾರು ಪೆಟ್ರೋಲ್ ಕುಡಿಯುವುದು ಎದುರಿನ ಗಾಳಿಯನ್ನು ತಳ್ಳುವುದಕ್ಕೆ, ಹಿಂದೆ ಏಳುವ ಸುಳಿಗಾಳಿ ಅದನ್ನು ಜಗ್ಗಿ ಎಳೆಯುತ್ತದೆ, ದಾರಿ ಸಲೀಸು ಮಾಡಿಕೊಟ್ಟರೆ ಗಾಳಿ ಸುಮ್ಮನೆ ಜಾರಿಕೊಂಡು ಹೋಗುತ್ತದೆ ಎಂದು ವಿವರಿಸಿದ. ನಾನು ಬೆರಗಾದೆ. ಐವತ್ತೆಂಟು ವರ್ಷ ಗಾಳಿಯೊಳಗೇ ಓಡಾಡಿದ್ದೇನೆ, ಅದು ಹೇಗೆ ಹರಿಯುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ!

ನೋಡಲೇಬೇಕು ಅನಿಸಿತು. ಮಗ್ಗದಲ್ಲಿ ಉಳಿದ ರೇಷ್ಮೆ ಎಳೆಗಳನ್ನು ಗೇಣುದ್ದ ಕತ್ತರಿಸಿ, ಕಾರಿನ ಮೈತುಂಬ ಗಮ್ ಟೇಪಿನಲ್ಲಿ ಅಂಟಿಸಿದೆ. ಒಟ್ಟು ನೂರ ನಲವತ್ತನಾಲ್ಕು ಎಳೆ. ಕಾರು ಓಡುವಾಗ ಅವು ಯಾವ ಕಡೆ ಮಲಗುತ್ತವೋ ಗಾಳಿ ಆ ಕಡೆ ಹರಿಯುತ್ತಿದೆ ಎಂದರ್ಥ.

ಪಕ್ಕದ ಮನೆಯ ಮಹದೇವಸ್ವಾಮಿ ಗೇಟಿನ ಮೇಲೆ ಕೈಯೂರಿ ಬಹಳ ಹೊತ್ತು ನೋಡಿದ. "ಅಣ್ಣ, ಕಾರ್‌ಗೆ ಕೂದ್ಲು ಬಂದದಲ್ಲ, ಮುಡಿ ಕೊಡಕ್ ಓಯ್ತಿದ್ದೀರಾ?"

ಅವನನ್ನೇ ವೀಕ್ಷಕನನ್ನಾಗಿ ನೇಮಿಸಿದೆ. ಯಳಂದೂರು ರಸ್ತೆಯಲ್ಲಿ ನಾನು ಕಾರು ಓಡಿಸುವುದು, ಅವನು ಪಕ್ಕದಲ್ಲಿ ಸ್ಕೂಟರಿನಲ್ಲಿ ಬರುತ್ತಾ ಎಳೆಗಳನ್ನು ಗಮನಿಸುವುದು. ಹೊನ್ನೂರಿನವರೆಗೂ ಹೋದೆವು. ಅಲ್ಲಿ ಬಸ್ಸಿಗೆ ಕಾಯುತ್ತಿದ್ದ ಜನ ಎದ್ದು ನಿಂತರು. ಒಬ್ಬ ಆಟೋದವನು ಕಿಟಕಿಯೊಳಗೆ ಇಣುಕಿ, "ಮದ್ವೆ ಕಾರಾ ಸಾ? ಗಂಡೆಲ್ಲಿ?" ಎಂದ.

"ಇದು ಪ್ರಯೋಗ," ಎಂದೆ ಗಂಭೀರವಾಗಿ.

"ಓ, ಗಂಡು ಇನ್ನೂ ಒಪ್ಪಿಲ್ವಾ?" ಎಂದು ಅವನು ಹೋದ.

ಮಹದೇವಸ್ವಾಮಿಯ ವರದಿ ಮಾತ್ರ ನಿಖರವಾಗಿತ್ತು. "ಮುಂದ್ಗಡೆ ಎಳೆ ಎಲ್ಲ ಎಣ್ಣೆ ಹಾಕಿ ಬಾಚ್ದಂಗೆ ಮಲ್ಗವೆ ಅಣ್ಣ. ಹಿಂದ್ಗಡೆವು ಮೈಮೇಲೆ ದೇವ್ರು ಬಂದಂಗೆ ಕುಣಿತಾ ಅವೆ!"

ಅಂದರೆ ರೋಗ ಹಿಂಭಾಗದಲ್ಲಿದೆ. ಬಾಲ ಬೇಕು!

ಬಾಲಕ್ಕೆ ಬಿದಿರಿನ ದಬ್ಬೆ ಬಗ್ಗಿಸಿ ಚೌಕಟ್ಟು ಕಟ್ಟಿದೆ. ಹೊದಿಕೆಗೆ ಮಹದೇವಸ್ವಾಮಿಯೇ ತನ್ನ ಗೃಹಪ್ರವೇಶದ ಫ್ಲೆಕ್ಸ್ ತಂದುಕೊಟ್ಟ. ಅದರಲ್ಲಿ ಅವನು ಆಳೆತ್ತರಕ್ಕೆ ಕೈಮುಗಿದು ನಗುತ್ತಿದ್ದ. ಕೆಳಗೆ ‘ತಮಗೆ ಆದರದ ಸುಸ್ವಾಗತ’. ಅವನ ಮುಖವನ್ನು ಒಳಗೆ ಹಾಕೋಣವೆಂದೆ. ಬೇಜಾರು ಮಾಡಿಕೊಂಡ. ಹೊರಗೇ ಹಾಕಿದೆ. ಉಳಿದ ಫ್ಲೆಕ್ಸನ್ನು ಗಾಳಿ ತಡೆಯಿಲ್ಲದೆ ಜಾರಲೆಂದು ಕಾರಿನ ಹೊಟ್ಟೆಯಡಿ ಹಗ್ಗದಲ್ಲಿ ಬಿಗಿದೆ. ಹಿಂದಿನ ಚಕ್ರಗಳನ್ನು ರೇಷ್ಮೆ ಹುಳು ಸಾಕುವ ಎರಡು ಬಿದಿರಿನ ತಟ್ಟೆಗಳಿಂದ ಮುಚ್ಚಿದೆ. ಮುಂದಿನ ಬಂಪರಿಗೆ ಲಾರಿ ಟ್ಯೂಬ್ ಕತ್ತರಿಸಿ ನೆಲಕ್ಕೆ ಮೂರು ಬೆರಳು ಉಳಿಯುವಂತೆ ಲಂಗದ ಹಾಗೆ ಇಳಿಬಿಟ್ಟೆ. ಸೈಲೆನ್ಸರ್ ಬಿಸಿಯಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಅದಕ್ಕಾಗಿಯೇ ಅದಕ್ಕೂ ಫ್ಲೆಕ್ಸಿಗೂ ನಡುವೆ ನಾಲ್ಕು ಬೆರಳು ಖಾಲಿ ಬಿಟ್ಟಿದ್ದೆ. ಆ ಖಾಲಿ ಜಾಗವನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ಭಾನುವಾರ ಟ್ಯಾಂಕ್ ತುಂಬಿಸಿ ಹೊರಟೆವು. ಮಹದೇವಸ್ವಾಮಿ ಹಿಂದೆ ಸ್ಕೂಟರಿನಲ್ಲಿ ಬಂದ.

"ನೀರಿನ ಕ್ಯಾನ್ ಎಲ್ಲಿ?" ಎಂದಳು ರತ್ನ.

"ಡಿಕ್ಕಿಲಿ ಅದೆ."

"ಡಿಕ್ಕಿ ಎಂಗ್ ತಗೀತೀರಿ? ಮಾದೇವ ಅಡ್ಡ ನಿಂತವ್ನಲ್ಲ?"

ನಿಜ. ಬಾಲ ಕಟ್ಟಿದ ಮೇಲೆ ಡಿಕ್ಕಿ ತೆಗೆಯಲು ಬರುವುದಿಲ್ಲ ಎಂಬುದು ನನ್ನ ಅಳತೆಯಲ್ಲಿ ಸೇರಿರಲಿಲ್ಲ. "ದಾರೀಲಿ ನೀರು ಯಾಕ್ ಬೇಕು?" ಎಂದೆ.

ಕಾರು ಬೆಣ್ಣೆಯ ಮೇಲೆ ಜಾರಿದ ಹಾಗೆ ಹೋಯಿತು. ಗಾಳಿಯ ಸದ್ದು ಕೂಡ ಕಡಿಮೆಯಾಗಿತ್ತು. ನಾನು ಸಣ್ಣಗೆ ಹಾಡು ಗುನುಗಿದೆ. ಲೊಕ್ಕನಹಳ್ಳಿ ಇನ್ನು ಎರಡು ಕಿಲೋಮೀಟರ್ ಇದ್ದಾಗ ರಸ್ತೆಯ ತುಂಬ ಹುರುಳಿ, ನಮ್ಮವರ ಬಾಯಲ್ಲಿ ‘ಉಳ್ಳಿ’, ಹರಡಿತ್ತು.

ಇದರಲ್ಲಿ ಹೊಸದೇನಿಲ್ಲ. ಸುಗ್ಗಿಯಲ್ಲಿ ನಮ್ಮ ಕಡೆ ಕಿತ್ತ ಹುರುಳಿ ಗಿಡವನ್ನು ರಸ್ತೆಗೇ ಹಾಸುತ್ತಾರೆ. ಬಸ್ಸು, ಲಾರಿ, ಕಾರು ಎಲ್ಲ ಅದರ ಮೇಲೆ ಹೋಗುತ್ತವೆ. ಕಾಯಿ ಒಡೆದು ಕಾಳು ಬೀಳುತ್ತದೆ. ನಾನು ಇಪ್ಪತ್ತೆರಡು ವರ್ಷ ಹುರುಳಿಯ ಮೇಲೆ ಕಾರು ಓಡಿಸಿದ್ದೇನೆ. ಆದರೆ ಆ ಇಪ್ಪತ್ತೆರಡು ವರ್ಷದಲ್ಲಿ ಕಾರಿಗೆ ಲಂಗ ಇರಲಿಲ್ಲ.

ಕಾರು ಭಾರವಾಯಿತು. "ಎದುರುಗಾಳಿ ಜೋರದೆ," ಎಂದು ರತ್ನಳಿಗೆ ವಿವರಿಸಿ, ಆಕ್ಸಿಲರೇಟರ್ ಇನ್ನಷ್ಟು ಒತ್ತಿದೆ.

"ರೀ, ಒಂದೆಲೆನೂ ಅಲ್ಲಾಡ್ತಿಲ್ಲ," ಎಂದಳು ಅವಳು, ಹೊರಗೆ ನೋಡಿ. ಮತ್ತೆ ಮೂಗೆಳೆದಳು. "ಇದೇನ್ರಿ, ಉಳ್ಳಿಕಾಳು ಉರ್ದಂಗೆ ಗಮ್ಮಂತದೆ?"

ಆಗ ಪಕ್ಕದ ಕನ್ನಡಿಯಲ್ಲಿ ಕಂಡಿತು. ಹಿಂದೆ ರಸ್ತೆ ಗುಡಿಸಿಟ್ಟ ಹಾಗೆ ಸ್ವಚ್ಛವಾಗಿತ್ತು! ಹುರುಳಿಯ ಒಂದು ಕಡ್ಡಿಯೂ ಇರಲಿಲ್ಲ. ಆ ಬರಿ ರಸ್ತೆಯಲ್ಲಿ ಒಬ್ಬ ಮುದುಕಿ ಕುಡುಗೋಲು ಹಿಡಿದು ಓಡಿಬರುತ್ತಿದ್ದಳು.

"ಲೇ, ನನ್ ಉಳ್ಳಿ ಎತ್ಕಂಡ್ ಓಯ್ತಾವ್ನೆ ಕಣ್ರೋ! ಇಡ್ಕಳ್ರೋ!"

ಬ್ರೇಕ್ ಹಾಕಿ ಇಳಿದೆ. ಎಡಗಾಲ ಚಪ್ಪಲಿ ಕ್ಲಚ್ ಹತ್ತಿರ ಉಳಿಯಿತು. ಕಾರಿನ ಅಡಿಯಿಂದ ಹೊಗೆ ಬರುತ್ತಿತ್ತು. ಇದೇ ನಾನು ಮೊದಲು ಹೇಳಿದ ಜಾಗ, ಸಮಯ ಹತ್ತು ಇಪ್ಪತ್ತು.

ಮುದುಕಿಯ ಹೆಸರು ಪುಟ್ಟಮಾದಮ್ಮ. ಅವಳು ನನ್ನನ್ನು ದಾಟಿ ಹೋಗಿ, ಬಾಲದ ಮೇಲಿನ ಮುಖ ನೋಡಿದಳು. ಆಗಷ್ಟೇ ಸ್ಕೂಟರ್ ನಿಲ್ಲಿಸಿದ್ದ ಮಹದೇವಸ್ವಾಮಿಯನ್ನು ನೋಡಿದಳು. ಮತ್ತೆ ಬಾಲ ನೋಡಿದಳು. ಅವನ ಕೊರಳಪಟ್ಟಿ ಹಿಡಿದಳು.

"ಕದ್ದಿದ್ದೂ ಅಲ್ದೆ ಕೈ ಬ್ಯಾರೆ ಮುಗ್ದು ನಗ್ತಾ ಇದ್ದೀಯಾ?"

"ಅವ್ವೋ, ಅದು ಗೃಹಪ್ರವೇಶದ್ದು ಕಣವ್ವ! ಕಾರು ಅಣ್ಣಂದು!"

"ಇನ್ನೊಬ್ರ ಕಾರ್ ಮ್ಯಾಲೆ ನಿನ್ ಮಕ ಯಾಕದೆ?"

ನಾನು ಸುಳಿಗಾಳಿಯಿಂದ ಹಿಡಿದು ವಿವರಿಸಲು ಶುರುಮಾಡಿದೆ. ಅಷ್ಟರಲ್ಲಿ ರತ್ನ ಇಬ್ಬರ ನಡುವೆ ನುಗ್ಗಿ ಪುಟ್ಟಮಾದಮ್ಮನ ಕುಡುಗೋಲು ಕಸಿದುಕೊಂಡು, ಮಹದೇವಸ್ವಾಮಿಯ ಮುಗಿದ ಕೈಗಳ ನಡುವೆಯೇ ಬಾಲವನ್ನು ಸೀಳಿ, ಡಿಕ್ಕಿ ತೆಗೆದು ನೀರಿನ ಕ್ಯಾನ್ ಎಳೆದಳು. ಹೊಗೆ ಕಂಡು ಪುಟ್ಟಮಾದಮ್ಮ ಜಗಳ ನಿಲ್ಲಿಸಿದಳು. "ಮೊದ್ಲು ಹಗ್ಗ ಕುಯ್ಯವ್ವ, ಗಾಡಿ ಉರ್ದೋಯ್ತದೆ!" ಎಂದು ತಾನೇ ಕುಡುಗೋಲು ವಾಪಸು ಪಡೆದು, ಮಲಗಿ, ಹೊಟ್ಟೆಯಡಿಯ ಹಗ್ಗಗಳನ್ನು ಕೊಯ್ದಳು. ಅವಳು ಈಚೆ ಬಂದ ಮೇಲೆ ನಾವು ಮೂವರೂ ಕಾರನ್ನು ಮುಂದಕ್ಕೆ ತಳ್ಳಿದೆವು. ಫ್ಲೆಕ್ಸ್ ಸಮೇತ ಹುರುಳಿಯ ರಾಶಿ ರಸ್ತೆಗೆ ಕಳಚಿಕೊಂಡಿತು. ರತ್ನ ನೀರು ಸುರಿದಳು. ನಾನು ಒಂಟಿ ಚಪ್ಪಲಿಯಿಂದ ಮಣ್ಣೆರಚಿದೆ.

ಹೊಗೆ ನಿಂತಿತು. ಕಾರು ಉಳಿಯಿತು. ಆಮೇಲೆ ನಾನು ಹುಣಸೆ ಮರದವರೆಗೆ ಹೆಜ್ಜೆ ಎಣಿಸಿದೆ.

ಪುಟ್ಟಮಾದಮ್ಮ ಫ್ಲೆಕ್ಸ್ ಬಿಡಿಸಿ ನೋಡಿದಳು. ಮುಂದಿನ ಹಗ್ಗ ಸಡಿಲವಾಗಿ ಅದು ಚೀಲದ ಹಾಗೆ ಬಾಯಿ ತೆರೆದುಕೊಂಡಿತ್ತು. ಟ್ಯೂಬಿಗೂ ರಸ್ತೆಗೂ ಸಿಕ್ಕಿ ತಿಕ್ಕಿದ ಗಿಡ ಒಳಗೆ ಸೇರಿ, ಕಾಳೆಲ್ಲ ಬೇರೆಯಾಗಿ ಕೆಳಗೆ ಕೂತಿತ್ತು. ಸೈಲೆನ್ಸರ್ ಕೆಳಗೆ ನಾನು ಖಾಲಿ ಬಿಟ್ಟಿದ್ದ ಜಾಗದಲ್ಲಿ ತುಂಬಿಕೊಂಡದ್ದು ಮಾತ್ರ ಹುರಿದಿತ್ತು.

"ಅಯ್ಯೋ ಸಿವನೆ," ಎಂದಳು. "ಎಲ್ಡು ದಿನದ್ ಕೆಲ್ಸ ಒಂದ್ ಗಳಿಗೇಲಿ ಮಾಡವ್ನಲ್ಲ!" ಹುರಿದ ಕಾಳನ್ನು ರತ್ನಳ ಸೆರಗಿಗೆ ಸುರಿದು, ಮಗ ನಾಗರಾಜನನ್ನು ಟ್ರ್ಯಾಕ್ಟರ್ ತರಲು ಕೂಗಿದಳು.

ಕಾರು ಟ್ರ್ಯಾಕ್ಟರಿನ ಹಗ್ಗ ಹಿಡಿದು ಕೊಳ್ಳೇಗಾಲಕ್ಕೆ ವಾಪಸಾಯಿತು. ಇಡೀ ಪ್ರಯೋಗದಲ್ಲಿ ಅದು ಪೆಟ್ರೋಲ್ ಕುಡಿಯದೆ ಓಡಿದ್ದು ಅಷ್ಟೇ ದೂರ. ಆ ದೂರವನ್ನೂ ಸೇರಿಸಿ ಲೆಕ್ಕ ಹಾಕಿದ್ದರೆ ಹದಿನೈದು ದಾಟುತ್ತಿತ್ತು. ನಾನು ಸೇರಿಸಲಿಲ್ಲ. ಹೋಗುವಾಗಿನದು ಲೀಟರಿಗೆ ಒಂಬತ್ತು.

ಸೋಮವಾರ ಗುಜರಿಯವನು ಬಂದ. ಕೊಟ್ಟ ಮಾತಿನಂತೆ ಬೀಗದ ಕೈ ಹಿಡಿದು ಬಾಗಿಲಿಗೆ ಬಂದೆ. ಒಳಗೆ ಹುರುಳಿಕಾಳಿನ ಸಾರು ಕುದಿಯುತ್ತಿತ್ತು. ರತ್ನ ಫೋನಿನಲ್ಲಿ ಯಾರಿಗೋ "ಊ ಕಣಪ್ಪ, ಕಳಿಸ್ತೀನಿ" ಎನ್ನುತ್ತಾ ಹೊರಗೆ ಬಂದು, ನನ್ನ ಕೈಯಿಂದ ಬೀಗದ ಕೈ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾಗರಾಜ ಫೋನ್ ಮಾಡಿದ್ದ. ಅವ್ರದ್ದು ಇನ್ನೂ ಎಲ್ಡು ಎಕ್ರೆ ಉಳ್ಳಿ ಅದಂತೆ. ಸೈಲೆನ್ಸರ್‌ಗೆ ತಗಡು ಮುಚ್ಕಂಡ್ ಬರ್ಬೇಕಂತೆ. ಲಂಗ ಇರ್ಲಿ, ಬಾಲ ಬ್ಯಾಡ ಅಂದವ್ಳೆ ಅವ್ರವ್ವ." ಗುಜರಿಯವನ ಕಡೆ ತಿರುಗಿ, "ಕಾರ್ ಇರ್ಲಿ ಕಣಪ್ಪ. ಬೇಕಾದ್ರೆ ಬಾಲ ತಕ ಓಗು," ಎಂದಳು.

ಅವನು ಬಾಲವನ್ನು ಸುತ್ತಲೂ ನೋಡಿ, ಬೇಡ ಎಂದ.

ಗಾಳಿಯನ್ನು ಗೆಲ್ಲಲು ಹೊರಟ ನನ್ನ ಕಾರು ಹೀಗೆ ಹುರುಳಿ ಬಡಿಯುವ ಕೆಲಸಕ್ಕೆ ಸೇರಿ ಉಳಿದುಕೊಂಡಿದೆ. ಮೇಲೆ ಬರೆದುದಕ್ಕೆಲ್ಲ ಕಣ್ಣಾರೆ ಕಂಡ ಸಾಕ್ಷಿಗಳು ಮೂವರು: ನನ್ನ ಹೆಂಡತಿ ರತ್ನ, ಪಕ್ಕದ ಮನೆಯ ಮಹದೇವಸ್ವಾಮಿ, ಹುರುಳಿಯ ಪುಟ್ಟಮಾದಮ್ಮ. ಮೂವರೂ ಬದುಕಿದ್ದಾರೆ. ಮೂವರಿಗೂ ಆರೋಗ್ಯ ಚೆನ್ನಾಗಿದೆ, ನೆನಪಿನ ಶಕ್ತಿ ಇನ್ನೂ ಚೆನ್ನಾಗಿದೆ. ನನ್ನ ಕಷ್ಟವೇ ಅದು!