ಅಂಗಳದಲ್ಲಿ ಒಣಗಿದ ವೆಬ್‌ಸೈಟು

ರಾಣೆಬೆನ್ನೂರಿಗೆ ಇಂಟರ್‌ನೆಟ್ ತಂದವರು ಯಾರು ಎಂದು ಕೇಳಿದರೆ ನಮ್ಮ ಕಾಕಾ ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತಾರೆ. ಕಂಬ ನೆಟ್ಟವರು, ತಂತಿ ಎಳೆದವರು, ಸೈಬರ್ ಕೆಫೆ ತೆರೆದವರು ಎಲ್ಲ ಅವರ ಪ್ರಕಾರ ಬರೀ ಸಹಾಯಕರು. ಕಾಕಾ ಮೊದಲ ಸಲ ಮೌಸ್ ಹಿಡಿದ ದಿನವೇ ಊರಿಗೆ ಇಂಟರ್‌ನೆಟ್ ಬಂದ ಹಾಗೆ! ಇದನ್ನು ಅಲ್ಲಗಳೆಯುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ನನಗಂತೂ ಮನಸ್ಸೂ ಇಲ್ಲ, ಏಕೆಂದರೆ ಅವರ ಆ ಹುಚ್ಚಿನಿಂದ ನನಗೆ ನನ್ನ ಅವ್ವ ವಾಪಸ್ ಸಿಕ್ಕಿದಳು.

ಕಾಕಾ ಎಂದರೆ ಅಪ್ಪನ ತಮ್ಮ. ಕಸುಬು, ಬೋರ್ಡು ಬರೆಯುವುದು. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಗಳು, ಕಾಗಿನೆಲೆಯ ಖಾನಾವಳಿ, ಹಾವೇರಿಯ ವಕೀಲರ ಬಾಗಿಲು, ಎಲ್ಲ ಕಡೆ ಅವರದೇ ಅಕ್ಷರ. ಫ್ಲೆಕ್ಸ್ ಬ್ಯಾನರು ಬಂದ ಹೊಸತರಲ್ಲಿ ಉಳಿದ ಪೇಂಟರುಗಳು ತಲೆ ಮೇಲೆ ಕೈ ಹೊತ್ತು ಕೂತರು. ಕಾಕಾ ಕೂರಲಿಲ್ಲ. ಹುಬ್ಬಳ್ಳಿಗೆ ಹೋಗಿ ಕ್ಯಾಮೆರಾ ಇರುವ ಮೊಬೈಲು ತಂದರು. ಮಾತಿಗೆಂದು ಒಂದು ಮೊದಲೇ ಇತ್ತು. ಆರು ತಿಂಗಳಲ್ಲಿ ಮೂರನೆಯದೂ ಬಂತು.

"ಮೂರು ಯಾಕ್ರಿ?" ಎಂದು ಅವರ ಹೆಂಡತಿ, ನಮ್ಮ ಕಾಕು, ಕೇಳಿದರು.

"ಒಂದು ಮಾತಿಗೆ, ಒಂದು ಫೋಟೋಕ್ಕ, ಇನ್ನೊಂದು ಸಿಗ್ನಲ್ ನೋಡಾಕ."

"ಹಂಗಾರ ಹೆಂಡತಿ ಒಬ್ಬಾಕೀನ ಯಾಕ ಮಾಡ್ಕೊಂಡ್ರಿ? ಅಡಗೀಗೊಬ್ಬಾಕಿ, ನಿಮ್ಮ ಮಾತು ಕೇಳಾಕ ಒಬ್ಬಾಕಿ ಇರಬೇಕಿತ್ತು."

ಕಾಕಾ ಕಾಕುವಿನ ಹಳೆಯ ಖಣದ ಕುಪ್ಪಸ ಒಯ್ದು ಮೂರಕ್ಕೂ ಚೀಲ ಹೊಲಿಸಿಕೊಂಡು ಬಂದರು. ಆ ಚೀಲಗಳನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಸಿಗ್ನಲ್ ನೋಡುವ ಮೊಬೈಲಿನಿಂದ ಒಂದು ಮದುವೆಯೇ ಮುರಿಯುವುದರಲ್ಲಿತ್ತು. ನಮ್ಮ ಸಂಬಂಧಿಕರ ಹುಡುಗನಿಗೆ ಹಲಗೇರಿಯಲ್ಲಿ ಹೆಣ್ಣು ಗೊತ್ತುಮಾಡಲು ಹೋಗಿದ್ದೆವು. ಹಿರಿಯರ ಮಾತುಕತೆ ಒಳ್ಳೆಯ ಹದಕ್ಕೆ ಬಂದಿತ್ತು. ಅಷ್ಟರಲ್ಲಿ ಕಾಕಾ ಎದ್ದು ಹೊರಗೆ ಹೋದವರು ಹಿತ್ತಲಿನ ಮೇವಿನ ಬಣವೆ ಹತ್ತಿ ಕೂತುಬಿಟ್ಟರು. ಗಂಡಿನ ಕಡೆಯ ಹಿರಿಯ ಹೀಗೆ ಎದ್ದು ಹೋದರೆ ಏನರ್ಥ? ಉಪಚಾರ ಕಡಿಮೆಯಾಯಿತು, ಮುನಿಸಿಕೊಂಡರು ಎಂದೇ ಅರ್ಥ. ಹೆಣ್ಣಿನ ತಂದೆ ಗಾಬರಿಯಾಗಿ ಹಿಂದೆ ಓಡಿದ. ಅವನ ಹಿಂದೆ ಇಬ್ಬರು ಹಿರಿಯರು, ಅವರ ಹಿಂದೆ ಉಂಡಿ ತುಂಬಿದ ತಟ್ಟೆ ಹಿಡಿದು ಹೆಣ್ಣಿನ ತಾಯಿ.

"ಏನ ತಪ್ಪಾಗಿದ್ರೂ ಹೊಟ್ಟಿಗೆ ಹಾಕ್ಕೋರಿ. ಕೆಳಗ ಬರ್ರಿ," ಎಂದು ಆತ ಕೈಮುಗಿದ.

"ನಾಕು ಕಡ್ಡಿ ಬಂದಾವ," ಎಂದರು ಮೇಲಿನಿಂದ ಕಾಕಾ. "ಈಗ ಇಳಿಯಾಂಗಿಲ್ಲ."

ನಾಲ್ಕು ಕಡ್ಡಿ ಎಂದರೆ ವರದಕ್ಷಿಣೆಯ ಯಾವುದೋ ಗುಟ್ಟಿನ ಲೆಕ್ಕವೆಂದು ತಿಳಿದು ಆ ಬಡಪಾಯಿ ಬಣವೆಯ ಬುಡದಲ್ಲೇ ಕುಸಿದು ಕೂತ. ಅದು ಮೊಬೈಲಿನ ಸಿಗ್ನಲ್ಲಿನ ಕಡ್ಡಿ ಎಂದು ತಿಳಿಸಿ ಅವನನ್ನು ಎಬ್ಬಿಸುವಷ್ಟರಲ್ಲಿ ನಮಗೆಲ್ಲ ಸಾಕುಸಾಕಾಯಿತು. ಉಂಡಿಯನ್ನು ಮಾತ್ರ ಕಾಕಾ ಬಣವೆಯ ಮೇಲೆಯೇ ತಿಂದರು.

ಇಲ್ಲಿ ಸ್ವಲ್ಪ ನಗು ನಿಲ್ಲಿಸಿ ನಮ್ಮ ಮನೆಯ ಸಂಗತಿ ಹೇಳಬೇಕು. ನಾವಿದ್ದದ್ದು ಹಾವೇರಿಯಲ್ಲಿ. ಅವ್ವ ಏಲಕ್ಕಿ ಹಾರ ಕಟ್ಟುತ್ತಿದ್ದಳು. ಮದುವೆಗೆ, ಸನ್ಮಾನಕ್ಕೆ ಕೊರಳಿಗೆ ಹಾಕುತ್ತಾರಲ್ಲ, ಅದೇ ಹಾರ; ನಮ್ಮ ಮಾತಿನಲ್ಲಿ ಮಾಲಿ. ಏಲಕ್ಕಿಯನ್ನು ಬೆಳ್ಳಗೆ ಮಾಡಿ, ಆರಿಸಿ, ಉಣ್ಣೆ ದಾರ, ಜರಿ ಸೇರಿಸಿ ಎಳೆ ಎಳೆಯಾಗಿ ಪೋಣಿಸಬೇಕು. ಪೋಣಿಸುವುದು ಅವ್ವ, ಪೇಟೆಯ ಅಂಗಡಿಗೆ ಒಯ್ದು ಗಿರಾಕಿಗಳ ಜೊತೆ ಮಾತಾಡುವುದು ಅಪ್ಪ. ಅಪ್ಪ ತೀರಿಕೊಂಡ ಮೇಲೆ ಅಂಗಡಿಯವರೇ ಮನೆಗೆ ಬಂದು ಒಯ್ಯುತ್ತಿದ್ದರು. ಒಂದು ದಿನ ಅದೂ ನಿಂತಿತು. ಅಂಗಡಿಯ ಯಜಮಾನರ ಮಗ ಅದನ್ನು ಮೊಬೈಲ್ ರಿಚಾರ್ಜ್ ಅಂಗಡಿ ಮಾಡಿದ.

ಅವ್ವ ದಾರದ ಪೆಟ್ಟಿಗೆ ಮುಚ್ಚಿ ಅಟ್ಟದ ಮೇಲಿಟ್ಟಳು. ಮೊದಲೇ ಮಾತು ಕಡಿಮೆಯಾಗಿತ್ತು, ಈಗ ನಿಂತೇಹೋಯಿತು. ಯಾರಾದರೂ ಬಂದರೆ ಒಳಗೆ ಹೋಗಿಬಿಡುವಳು. ಊಟಕ್ಕೆ ಕರೆದರೆ ಬರುವಳು, ಕರೆಯದಿದ್ದರೆ ಇಲ್ಲ. ಆ ಪೆಟ್ಟಿಗೆ ಅಟ್ಟದಿಂದ ಇಳಿಯದಿದ್ದರೆ ಅವ್ವನೂ ನಮಗೆ ಉಳಿಯುವುದಿಲ್ಲ ಎಂಬ ಹೆದರಿಕೆ ನನ್ನನ್ನು ಹಿಡಿದುಬಿಟ್ಟಿತು. ಕಾಲೇಜಿನಲ್ಲಿ ಕೂತರೂ ಅದೇ ಚಿಂತೆ. ಬೇರೆ ಯಾರಿಗೆ ಹೇಳಲಿ? ಕಾಕಾನಿಗೆ ಹೇಳಿದೆ.

ಕಾಕಾ ತಮ್ಮ ಮೂರು ಚೀಲಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು. "ಮೊಬೈಲಿನಿಂದ ಹೋದ ಅಂಗಡಿ ಮೊಬೈಲಿನಿಂದನ ಬರಬೇಕು," ಎಂದರು. "ವೈನಿಗೆ ವೆಬ್‌ಸೈಟ್ ಮಾಡೂಣು." ವೈನಿ ಎಂದರೆ ಅವರ ಅತ್ತಿಗೆ, ನಮ್ಮ ಅವ್ವ.

ವೆಬ್‌ಸೈಟಿನ ಬಗ್ಗೆ ಅವರಿಗೆ ಆಗಲೇ ಖಡಕ್ಕಾದ ಅಭಿಪ್ರಾಯಗಳಿದ್ದವು. ಸೈಬರ್ ಕೆಫೆಯಲ್ಲಿ ಎಲ್ಲರೂ ಕುರ್ಚಿಯ ಮೇಲೆ ಕೂತು ನೋಡಿದರೆ ಕಾಕಾ ಹತ್ತು ಅಡಿ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು. ಕೆಫೆಯವನು ಬೇಡಿಕೊಂಡ, "ಯಜಮಾನ್ರ, ಹತ್ತರ ಬಂದು ಕುಂದ್ರಿ. ಬಾಗಲಾ ಅಡ್ಡ ಆಗತೈತಿ."

"ತಮ್ಮಾ, ಬೋರ್ಡು ಅಂದ್ರ ಓಡೋ ಬಸ್ಸಿನಾಗ ಕುಂತಾಂವ ಓದಬೇಕು. ಅಂವಗ ಪುರಸೊತ್ತಿಲ್ಲ. ಇಂಟರ್‌ನೆಟ್ಟಿನ ಮಂದಿಗೂ ಪುರಸೊತ್ತಿಲ್ಲ. ಒಂದು ಪುಟದಾಗ ಇಷ್ಟು ಅಕ್ಷರ ತುಂಬ್ಯಾರ, ಉಸರಾಡಾಕ ಜಾಗ ಎಲ್ಲೈತಿ? ಈ ಅಕ್ಷರಾ ಯಾಕ ಕಣ್ಣು ಮಿಟಕಸ್ತಾವು? ಇವಕ್ಕ ಕಣ್ಣಾಗ ಧೂಳು ಬಿದ್ದೈತೇನು?"

ಈ ಮಾತನ್ನು ಆಮೇಲೆ ದೊಡ್ಡ ದೊಡ್ಡವರು ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಬರೆದದ್ದನ್ನು ನಾನು ಓದಿದ್ದೇನೆ. ನಮ್ಮ ಕಾಕಾ ಅದನ್ನು ಸೈಬರ್ ಕೆಫೆಯ ಬಾಗಿಲಿಗೆ ಅಡ್ಡ ನಿಂತು ಹೇಳಿದ್ದರು.

ಪುಟ ಮಾಡಲು ಕೂತಾಗ ತೊಡಕು ಬಂತು. ಕೆಫೆಯಲ್ಲಿ ಕನ್ನಡದಲ್ಲಿ ಟೈಪು ಮಾಡಿದ್ದು ಪಕ್ಕದ ಕಂಪ್ಯೂಟರಿನಲ್ಲಿ ಬರೀ ಚೌಕಟ್ಟುಗಳಾಗಿ ಕಾಣುತ್ತಿತ್ತು. ಇಂಗ್ಲಿಷಿನಲ್ಲಿ ಬರೆಯೋಣ ಎಂದೆ. ಕಾಕಾ ಒಪ್ಪಲಿಲ್ಲ. ಮನೆಗೆ ಹೋಗಿ ಆರಡಿ ಉದ್ದದ ತಗಡು ಹಾಸಿದರು, ಬಿಳಿ ಬಣ್ಣ ಬಳಿದರು, ನೀಲಿ ಹಚ್ಚಿದ ದಾರ ಹಿಡಿದು ಗೆರೆ ಹೊಡೆದರು. ನಾಲ್ಕು ದಿನ ಕೂತು ಇಡೀ ವೆಬ್‌ಸೈಟನ್ನು ಬ್ರಷ್ಷಿನಿಂದ ಬರೆದರು! ಮೇಲೆ 'ಹಾವೇರಿ ಏಲಕ್ಕಿ ಹಾರ', ನಡುವೆ ಹಚ್ಚಹಸಿರು ಏಲಕ್ಕಿಯ ಹಾರದ ಚಿತ್ರ, ಕೆಳಗೆ ಫೋನ್ ನಂಬರು. ಅದರ ಫೋಟೋ ತೆಗೆದು ಇಂಟರ್‌ನೆಟ್ಟಿಗೆ ಏರಿಸುವುದು ಅವರ ಯೋಜನೆ. ಮೂಲೆಯಲ್ಲಿ 'ಭೇಟಿ ಕೊಟ್ಟವರು' ಎಂದು ಬರೆದು ಪಕ್ಕಕ್ಕೆ ಸೊನ್ನೆ ಹಾಕಿದ್ದರು.

"ಕಾಕಾ, ಅದು ತಾನಾಗಿಯೇ ಏರಬೇಕು," ಎಂದೆ.

"ಏರಿದಾಗ ನಾ ಅಳಿಸಿ ಬರೀತೇನಿ."

ಆ ಹೊತ್ತಿಗೆ ನೆರೆಮನೆಯವರು ಬಂದು ಏನು ನಡೆದಿದೆ ಎಂದು ಕೇಳಿದರು. "ನೋಡ್ರಿ, ನಮ್ಮವರು ಇಂಟರ್‌ನೆಟ್ ಅಂಗಳದಾಗ ಒಣಗಾಕ ಹಾಕ್ಯಾರ," ಎಂದರು ಕಾಕು. ಅವರು ಹೇಳಿ ಮುಗಿಸುವುದರೊಳಗೆ ನೆರೆಮನೆಯ ಕೋಳಿ ತಗಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹಸಿ ಬಣ್ಣದ ಮೇಲೆ ನಡೆದುಹೋಯಿತು. ಕಾಕಾ ಹೆಜ್ಜೆಗಳನ್ನು ಒರೆಸಿ, ಮತ್ತೆ ಬಳಿದು, ಸ್ವಲ್ಪ ಯೋಚಿಸಿ, ಸೊನ್ನೆಯನ್ನು ಒಂದು ಮಾಡಿದರು.

ಫೋಟೋ ಏರಿತು. ಆದರೆ ಆ ದಿನಗಳ ಇಂಟರ್‌ನೆಟ್ಟಿನಲ್ಲಿ ಅಷ್ಟು ದೊಡ್ಡ ಚಿತ್ರ ಇಂಚಿಂಚಾಗಿ ಇಳಿಯುತ್ತಿತ್ತು. ಕೆಳಗಿನ ಫೋನ್ ನಂಬರು ಕಾಣುವಷ್ಟರಲ್ಲಿ ಒಂದು ಚಹಾ ಕುಡಿದು ಬರಬಹುದಿತ್ತು. ಕಾಕಾ ಮರುದಿನವೇ ನಂಬರನ್ನು ಮೇಲೆ ಬರೆದು ಹೊಸ ಫೋಟೋ ಹಾಕಿದರು. ಅದು ಅವರ ಮಾತಿನ ಮೊಬೈಲಿನ ನಂಬರು. ಆ ಭಾನುವಾರ ಅವರು ಕೆಮ್ಮುತ್ತಲೇ ಹಾವೇರಿಗೆ ಬಂದು, ಖಣದ ಚೀಲ ಬಿಚ್ಚಿ, ಆ ಮೊಬೈಲನ್ನು ಅವ್ವನ ಮುಂದಿಟ್ಟರು.

"ವೈನಿ, ಇದು ಇನ್ನ ನಿಮ್ಮ ಹತ್ತರ ಇರಲಿ. ಗಿರಾಕಿ ಫೋನ್ ಮಾಡಿದ್ರ ನೀವ ಮಾತಾಡಬೇಕು. ಮಾಲಿ ವಿಚಾರ ನನಗೇನು ಗೊತ್ತೈತಿ?"

ಅವ್ವ ಅದನ್ನು ನೋಡಲೂ ಇಲ್ಲ. ಒಂದು ವಾರ ಅದು ಗೋಡೆಯ ಗೂಡಿನಲ್ಲಿ ಸುಮ್ಮನೆ ಕೂತಿತ್ತು. ಆಮೇಲೆ ರಿಂಗಾಯಿತು. ನಾನು ಎತ್ತಿ ಒತ್ತಾಯದಿಂದ ಅವ್ವನ ಕಿವಿಗೆ ಹಿಡಿದೆ. ಆ ಮೊಬೈಲಿನ ದನಿ ಓಣಿಗೆಲ್ಲ ಕೇಳುವಂಥದ್ದು.

"ನಾವು ದಾವಣಗೆರೆ ಸಾವಕಾರ ಮಾತಾಡಾಕತ್ತೇವ್ರಿ. ಮಾಲಿ ಬೇಕಾಗಿದ್ದವು..." ಎಂದು ಒಂದು ದಪ್ಪ ಕಂಠ ಹೇಳಿತು. ನಡುವೆ ಕೆಮ್ಮು ಬಂತು.

ಅವ್ವ, "ಕೆಮ್ಮು ಇನ್ನೂ ಕಡಿಮಿ ಆಗಿಲ್ಲೇನು ನಿನಗ?" ಎಂದಳು.

ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಬೂತಿನಲ್ಲಿ ನಮ್ಮ ಕಾಕಾ ಸಾವಕಾರರು ಫೋನಿಟ್ಟರು. ಆದರೆ ಸೋಲಲಿಲ್ಲ. ಮರುವಾರ ಶಿವಮೊಗ್ಗದ ಗುತ್ತಿಗೆದಾರರು, ಅದರ ಮರುವಾರ ಯಾವುದೋ ಸಂಘದ ಕಾರ್ಯದರ್ಶಿಗಳು ಅದೇ ಕೆಮ್ಮಿನೊಂದಿಗೆ ಮಾತಾಡಿದರು. ಕಾಕಾ ಅವ್ವನಿಗೆ ಗಿರಾಕಿಗಳ ಜೊತೆ ಮಾತಾಡುವ ರೂಢಿ ಮಾಡಿಸುತ್ತಿದ್ದರು. ಅವ್ವ ಒಂದೆರಡು ಮಾತು ಹೆಚ್ಚು ಆಡುತ್ತಿದ್ದಳು. ನನಗೆ ಅಷ್ಟೇ ಸಾಕಾಗಿತ್ತು, ಆದರೆ ಪೆಟ್ಟಿಗೆ ಇನ್ನೂ ಅಟ್ಟದ ಮೇಲೇ ಇತ್ತು. ನಿಜವಾದ ಗಿರಾಕಿ ಒಬ್ಬರೂ ಬಂದಿರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮತ್ತೆ ರಿಂಗಾಯಿತು. ಈ ಸಲ ಅವ್ವ ತಾನೇ ಎತ್ತಿದಳು.

"ಇವತ್ತ ಯಾವೂರ ಸಾವಕಾರಪ್ಪ ನೀ?"

"ಸಾವಕಾರ ಅಲ್ಲರಿ. ಗದಗಿನಾಂವ, ರಿಟೈರಾದ ಮಾಸ್ತರು," ಎಂದಿತು ದನಿ.

"ಮಾಸ್ತರ ಆಗೀಯೇನು ಈಗ? ಭೇಷ್ ಆತು. ಹೇಳ್ರಿ ಮಾಸ್ತರ, ಎಷ್ಟು ಎಳೀದು ಬೇಕು?"

"ಐದೆಳೀದು ಎರಡು ಬೇಕ್ರಿ. ಮಗಳ ಮದುವಿ ಐತಿ. ಇಂಟರ್‌ನೆಟ್ಟಿನಾಗ ನೋಡಿದಿವ್ರಿ, ಹಚ್ಚಗ ಹಸರ ಅದಾವಲ್ಲ, ಅಂಥವ ಬೇಕು."

"ಹಸರ ಬರದಾಂವ ನೀನ ಅಲ್ಲೇನು? ನಮ್ಮ ಮನೀ ಮಾಲಿ ಎಂದರ ಹಸರ ಇದ್ದಿದ್ದು ನೋಡೀಯೇನು ನೀ?"

ಆಗ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಕಾಕಾ ಚಪ್ಪಲಿ ಬಿಡುತ್ತಿದ್ದರು.

ಅವ್ವ ಅವರನ್ನು ನೋಡಿದಳು. ಕೈಯಲ್ಲಿದ್ದ ಮೊಬೈಲು ನೋಡಿದಳು. ಅದು, "ಹಲೋ, ಕೇಳಸಾಕತ್ತೈತೇನ್ರಿ?" ಎನ್ನುತ್ತಲೇ ಇತ್ತು. ಮೊಬೈಲನ್ನು ಕಾಕಾನ ಕಡೆ ಚಾಚಿದಳು. ಕಾಕಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಯಾರಾದರೂ ಮುಟ್ಟಿದರೆ ಮನೆ ಮೇಲೆ ಕೆಳಗೆ ಮಾಡುತ್ತಿದ್ದ ಮನುಷ್ಯ ಆವತ್ತು ತಮ್ಮ ಮೊಬೈಲನ್ನು ತಾವೇ ಮುಟ್ಟಲಿಲ್ಲ.

ಅವ್ವ ಸೆರಗು ಸರಿಮಾಡಿಕೊಂಡಳು. ಮೊಬೈಲು ಮತ್ತೆ ಕಿವಿಗೆ ಹೋಯಿತು.

"ಕೇಳಸ್ತೈತ್ರಿ," ಎಂದಳು. "ತಪ್ಪ ತಿಳೀಬ್ಯಾಡ್ರಿ, ನಮ್ಮ ಮೈದುನ ಅಂತ ತಿಳದಿದ್ದೆ. ನಮ್ಮ ಮಾಲ್ಯಾಗ ಯಾಲಕ್ಕಿ ಬೆಳ್ಳಗ ಇರತಾವ್ರಿ. ಐದೆಳೀಗೆ ಜರಿ ಬ್ಯಾರೆ ಹಾಕಬೇಕು. ಹುಡುಗಿ ಎತ್ತರ ಎಷ್ಟ ಅದಾಳ್ರಿ? ಹೂಂ... ಇಲ್ರಿ, ಬ್ಯಾರೆ ಯಾರೂ ಇಲ್ಲ. ನಾನ ಕಟ್ಟತೇನಿ."

ಅವಳು ಮಾತಾಡುತ್ತಿರುವಾಗಲೇ ನಾನು ಏಣಿ ತಂದು ಪೆಟ್ಟಿಗೆ ಇಳಿಸಿದೆ.

ಆ ಎರಡು ಹಾರ ಗದಗಿಗೆ ಹೋದ ಮೇಲೆ ಅವ್ವ ನನ್ನನ್ನು ಕರೆದುಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತಿದಳು. ಅಪ್ಪ ಹೋದ ಮೇಲೆ ಅವಳು ಊರು ದಾಟಿದ್ದು ಅದೇ ಮೊದಲು. ಕಾಕಾನ ಮನೆಯ ಅಂಗಳಕ್ಕೆ ನೇರ ಹೋಗಿ, ಗೋಡೆಗೆ ಒರಗಿಸಿದ್ದ ತಗಡಿನ ಮುಂದೆ ಕೂತಳು.

"ಬಿಳೇ ಬಣ್ಣ ಕೊಡು," ಎಂದಳು. "ಪೂರ್ತಿ ಬಿಳೇದು ಬ್ಯಾಡ, ಒಂದೀಟು ಹಳದಿ ಕೂಡಸು."

ತಮ್ಮ ಬೋರ್ಡಿಗೆ ಬೇರೆಯವರ ಬ್ರಷ್ಷು ತಾಗಲು ಕಾಕಾ ಜೀವಮಾನದಲ್ಲಿ ಬಿಟ್ಟವರಲ್ಲ. ಆವತ್ತು ಬಣ್ಣ ಕಲಸಿ, ಡಬ್ಬಿ ಹಿಡಿದು ಅವ್ವನ ಪಕ್ಕ ಬಗ್ಗಿ ನಿಂತರು. ಅವ್ವ ಒಂದೊಂದೇ ಹಸಿರು ಏಲಕ್ಕಿಯ ಮೇಲೆ ಬಿಳಿ ಹಚ್ಚುತ್ತಾ, "ಇಷ್ಟು ವರ್ಷ ನಮ್ಮ ಮನ್ಯಾಗ ಉಂಡೀ, ಮಾಲಿ ಬಣ್ಣ ಒಂದು ಗೊತ್ತಾಗಲಿಲ್ಲ ನಿನಗ," ಎಂದು ಬೈಯುತ್ತಿದ್ದಳು. ಅಪ್ಪ ಇದ್ದಾಗ ಕಾಕಾನನ್ನು ಬೈಯುತ್ತಿದ್ದ ಹಾಗೆಯೇ, ಅದೇ ದನಿಯಲ್ಲಿ. "ಹೂಂ ವೈನಿ, ಹೂಂ ವೈನಿ," ಎನ್ನುತ್ತಿದ್ದರು ಕಾಕಾ. ಅವರ ಕಣ್ಣಿನ ನೀರು ಡಬ್ಬಿಯ ಅಂಚಿಗೆ ಬೀಳುತ್ತಿತ್ತು. ಅವರು ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ನಾನು ಅಲ್ಲೇ ಅವರ ಕಾಲಿಗೆ ಬೀಳುತ್ತಿದ್ದೆ.