ಮಾತಿಗಾಗಿ ನೋಡಿದ ಸಿನಿಮಾ

ಜಗತ್ತಿನಲ್ಲಿ ನೀಲಿ ಚಿತ್ರವನ್ನು ಸಂಭಾಷಣೆಗಾಗಿ ನೋಡಿದ ಏಕೈಕ ಗಂಡಸು ನಮ್ಮ ಕಾಕಾ. ನೀವು ನಂಬಲೇಬೇಕೆಂದಿಲ್ಲ. ಹಡರ್ಸ್‌ಫೀಲ್ಡಿನಿಂದ ಬರ್ಮಿಂಗ್‌ಹ್ಯಾಮಿನವರೆಗೆ ಯಾವ ಕನ್ನಡಿಗನೂ ನಂಬಿಲ್ಲ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ; ನನ್ನನ್ನು ಕರೆಯುವುದು ಮಾತ್ರ 'ತಂಗಿ' ಎಂದು. ಧಾರವಾಡದವರು, ಇಂಗ್ಲೆಂಡಿನ ಯಾರ್ಕ್‌ಷೈರಿನ ಹಡರ್ಸ್‌ಫೀಲ್ಡಿನಲ್ಲಿ ಅರಿವಳಿಕೆ ವೈದ್ಯರಾಗಿ ನಿವೃತ್ತರಾದವರು. ಆಸ್ಪತ್ರೆಯಲ್ಲಿ ಜನರನ್ನು ಮಲಗಿಸುವುದು, ಕನ್ನಡ ಬಳಗದ ದೀಪಾವಳಿ ಕೂಟದಲ್ಲಿ ನಾಟಕ ಆಡಿಸುವುದು, ಇವೆರಡೇ ಅವರ ಕಸುಬು. ಎರಡರ ಪರಿಣಾಮವೂ ಒಂದೇ ಎಂದು ಹೇಳುವವರಲ್ಲಿ ಅವರ ಹೆಂಡತಿ, ಅಂದರೆ ನನ್ನ ಕಾಕು, ಮೊದಲಿಗರು. ನಿವೃತ್ತಿಯ ನಂತರ ನಾಟಕವೊಂದೇ ಉಳಿಯಿತು. ಡ್ಯೂಟಿ ಹಂಚುವ ರೋಟಾ ಇಲ್ಲ, ಸಲಹೆ ಕೇಳಿ ಫೋನ್ ಮಾಡುವವರಿಲ್ಲ. ವರ್ಷಕ್ಕೊಮ್ಮೆ ಒಂದು ಹಾಲ್, ಒಂದಿಷ್ಟು ಕುರ್ಚಿ, ಹೇಳಿದಂತೆ ಕೇಳುವ ನಾಲ್ಕು ಜನ. ಅದೂ ಹೋದರೆ ಕೌನ್ಸಿಲ್ ಟ್ಯಾಕ್ಸ್ ಕಟ್ಟುವುದಕ್ಕಲ್ಲದೆ ಇನ್ಯಾತಕ್ಕೆ ಬದುಕುವುದು?

ಈ ಸಲ ಅವರು ಜಗತ್ಪ್ರಸಿದ್ಧವಾದ ಒಂದು ಇಂಗ್ಲಿಷ್ ನಾಟಕವನ್ನು ಕನ್ನಡಕ್ಕೆ ತಂದಿದ್ದರು. ಮೂಲ ಪೂರ್ತಿ ಬಾಯಿಪಾಠ. ತಾಲೀಮು ಶುರುವಾಗುವ ಹೊತ್ತಿಗೆ ಹಳೆಯ ಸಾಮಾನು ಮಾರುವ ಚಾರಿಟಿ ಅಂಗಡಿಯೊಂದರಲ್ಲಿ, ಅದೇ ನಾಟಕವನ್ನು ಆಧರಿಸಿದ ಹಳೆಯ ಸಿನಿಮಾದ ಡಿವಿಡಿ ಸಿಕ್ಕಿತು. ಮೇಲೆ ಕೆಂಪು ಪರದೆಯ ಚಿತ್ರ, ನಾಟಕದ ಹೆಸರು, ಮೂಲೆಯಲ್ಲಿ ಹದಿನೆಂಟು ಎಂಬ ಗುರುತು. ಡರ್ಬಿಯಲ್ಲಿದ್ದ ನನಗೆ ಕೂಡಲೇ ಫೋನ್ ಬಂತು.

"ಹದಿನೆಂಟು ಅಂತ ಹಾಕ್ಯಾರ ನೋಡು ತಂಗಿ. ಸಣ್ಣವರಿಗೆ ಇಂಥಾ ಮಾತು ತಿಳಿಯೂದಿಲ್ಲ, ಅದಕ್ಕ."

ಭಾನುವಾರ ಪಾತ್ರಧಾರಿಗಳೆಲ್ಲ ಸಿನಿಮಾ ನೋಡಲು ಅವರ ಮನೆಯಲ್ಲಿ ಸೇರಿದೆವು. ಹೊರಗೆ ಮಳೆ ಬರುತ್ತಿತ್ತು ಎಂದು ಬರೆಯಬಹುದು, ಯಾರ್ಕ್‌ಷೈರಿನಲ್ಲಿ ಯಾರೂ ಅನುಮಾನಿಸುವುದಿಲ್ಲ. ನನಗೆ ನೆನಪಿಲ್ಲ. ನೆನಪಿರುವುದು ಪೂಜೆ. ರಂಗಪೂಜೆ ಇಲ್ಲದೆ ಕಾಕಾ ಯಾವ ತಾಲೀಮನ್ನೂ ಶುರುಮಾಡಿದವರಲ್ಲ. ರಂಗವಿಲ್ಲದ್ದರಿಂದ ಟಿವಿಗೇ ವಿಭೂತಿ ಹಚ್ಚಿದರು, ಆರತಿ ಎತ್ತಿದರು, ಎಲ್ಲರನ್ನೂ ನಿಲ್ಲಿಸಿ ನಾಂದಿ ಹಾಡಿಸಿದರು. ಊದುಬತ್ತಿಗೆ ಹೊಗೆಯ ಅಲಾರಂ ಕೂಗಿಕೊಂಡಿತು. ಆ ಮನೆಯಲ್ಲಿ ಅಪಾಯ ಗೊತ್ತಾದದ್ದು ಅದೊಂದಕ್ಕೇ.

ಕೈಮುಗಿದು ನಿಂತಿರುವಾಗಲೇ ಸಿನಿಮಾ ಶುರುವಾಯಿತು. ನಾಯಕಿ ಮಾತಾಡಿದಳು, ನಾಯಕ ಮಾತಾಡಿದ. ನಾಟಕದ ಮಾತೇ, ಅಕ್ಷರಶಃ. ಕಾಕಾ ತಲೆದೂಗಿದರು. ಆಮೇಲೆ ನಾಟಕದಲ್ಲಿ ಇಲ್ಲದ್ದು ಮೊದಲಾಯಿತು. ಬಟ್ಟೆ ಕಳಚುವಾಗಲೂ ನಮ್ಮ ಕೈಗಳು ಮುಗಿದೇ ಇದ್ದವು ಎಂದು ನನ್ನ ನೆನಪು ಹೇಳುತ್ತದೆ. ಅಷ್ಟು ಸೊಗಸಾಗಿ ನಡೆದಿರಲಾರದು. ಅಷ್ಟರೊಳಗೆ ಎಲ್ಲೋ ಕೂತಿರಬೇಕು.

"ಏನ್ ಸರ್ ಇದು, ಅಮ್ಮ ಇದಾರೆ," ಎಂದರು ಬಳಗದ ಕಾರ್ಯದರ್ಶಿ. ಬರ್ಮಿಂಗ್‌ಹ್ಯಾಮಿನಲ್ಲಿ ಐಟಿ ಕೆಲಸ, ನಮ್ಮ ನಾಟಕದಲ್ಲಿ ನಾಯಕನ ಪಾತ್ರ. ಬೆಂಗಳೂರಿನಿಂದ ಬಂದಿದ್ದ ತಾಯಿಗೆ ಒಳ್ಳೆಯ ಇಂಗ್ಲಿಷ್ ಸಿನಿಮಾ ತೋರಿಸಲು ಕರೆತಂದಿದ್ದರು.

"ಇದು ಮೂಲದಾಗ ಇಲ್ರಿ. ಇವರು ಸೇರಿಸ್ಯಾರ." ಕಾಕಾ ರಿಮೋಟ್ ಒತ್ತಿ ಮುಂದಕ್ಕೆ ಓಡಿಸಿದರು. "ಹಾಂ, ಈಗ ಮಾತು ಬಂತು."

ಮಾತು ಬಂದರೆ ಓಟ ನಿಲ್ಲಿಸುವುದು, ಮುಗಿದರೆ ಓಡಿಸುವುದು. ಅಂಥದ್ದು ವೇಗವಾಗಿ ಓಡಿದರೆ ಇನ್ನೂ ಭೀಕರವಾಗಿ ಕಾಣುತ್ತದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

"ಆಫ್ ಮಾಡಿ ಸರ್, ಪ್ಲೀಸ್."

"ಎರಡನೇ ಅಂಕ ಇನ್ನೂ ಬಂದಿಲ್ಲ. ಎಲ್ಲಿ ಹೊಂಟ್ರಿ ಎಲ್ಲಾರೂ?"

"ಅಮ್ಮಾ, ಏಳಿ."

"ಇರೋ, ಟೀ ಮುಗಿಸ್ತೀನಿ," ಎಂದರು ತಾಯಿ, ಟಿವಿಯಿಂದ ಕಣ್ಣು ತೆಗೆಯದೆ.

ಮುಂದಿನದು ನೀವೇ ಊಹಿಸಿ. ವಾಟ್ಸಾಪ್ ಗುಂಪಿನಲ್ಲಿ 'ಸಂಸ್ಕೃತಿ' ಎಂಬ ಪದ ಹರಿದಾಡಿತು. ಬಳಗದ ಸಮಿತಿ ಜ಼ೂಮ್‌ನಲ್ಲಿ ಸೇರಿ ನಾಟಕ ರದ್ದು ಮಾಡಿತು, ಆ ಸಮಯವನ್ನು ಹಿಂದಿ ಹಾಡಿನ ಕುಣಿತಕ್ಕೆ ಕೊಟ್ಟಿತು. ಆ ಕುಣಿತದ ಉಡುಪು ಸಂಸ್ಕೃತಿಯ ಲೆಕ್ಕಕ್ಕೆ ಬರಲಿಲ್ಲ. "ಪರ್ಸನಲ್ ಆಗಿ ತಗೋಬೇಡಿ ಸರ್, ನಿಮಗೂ ರೆಸ್ಟ್ ಬೇಕು," ಎಂದರು ಕಾರ್ಯದರ್ಶಿ. ಮುಂದೆಂದೂ ನಿಮ್ಮ ನಾಟಕ ಬೇಡ ಎಂಬುದನ್ನು ಇಂಗ್ಲೆಂಡಿನ ಕನ್ನಡದಲ್ಲಿ ಹೀಗೆ ಹೇಳುತ್ತಾರೆ.

ವಾರದ ನಂತರ ಅದೇ ಕಾರ್ಯದರ್ಶಿ ಫೋನ್ ಮಾಡಿದರು. "ಸರ್, ಆ ಡಿವಿಡಿ ಒಂದ್ಸಲ ಕೊಡ್ತೀರಾ? ಕಮಿಟಿಯವರು ರಿವ್ಯೂ ಮಾಡ್ಬೇಕು."

"ಕೊಡೂದಿಲ್ರಿ," ಎಂದರು ಕಾಕಾ. "ನೀವು ಮಾತು ಓಡಿಸಿ ಉಳಿದದ್ದು ನೋಡ್ತೀರಿ."

ದೀಪಾವಳಿಯ ಕೂಟ ಲೀಡ್ಸ್‌ನ ಹಾಲಿನಲ್ಲಿ ನಡೆಯಿತು. ನಾನು ಅಲ್ಲಿಗೆ ಹೋಗದೆ ಮಧ್ಯಾಹ್ನ ಕಾಕಾನ ಮನೆಗೆ ಹೋದೆ. ಕಾಕು ಬಾಗಿಲು ತೆಗೆದು ಅಡುಗೆಮನೆಗೆ ಹೋದರು. ಆ ಭಾನುವಾರದಿಂದ ಅವರಿಗೆ ಬಳಗದ ಯಾವ ಹೆಂಗಸಿನ ಫೋನೂ ಬಂದಿರಲಿಲ್ಲ; ಅಂದಿನಿಂದ ಗಂಡನ ಜೊತೆ ಮಾತೂ ಬಿಟ್ಟಿದ್ದರು. ಕಾಕಾ ಟಿವಿಯ ಮುಂದಿದ್ದರು.

"ಬಾ, ಕೂಡು. ಕೊನೇ ಅಂಕ."

ಕೋಟು ಹಾಕಿಕೊಂಡ ನಾಯಕಿ ಬಾಗಿಲ ಬಳಿ ನಿಂತಿದ್ದಳು. ನಾಟಕದ ಕೊನೆಯ ದೀರ್ಘ ಮಾತು. ಕ್ಯಾಮೆರಾದವನಿಗೆ ಆಗಲೇ ಬೇಸರ ಬಂದಿರಬೇಕು, ಚಿತ್ರ ಒಂದು ಕಡೆ ವಾಲಿತ್ತು, ಬೆಳಕು ಅವಳ ಮುಖ ಬಿಟ್ಟು ಗೋಡೆಯ ಮೇಲಿತ್ತು. ಅವಳು ಮಾತಾಡುತ್ತಲೇ ಇದ್ದಳು. ಕಾಕಾನ ತುಟಿಗಳು ಅವಳ ಜೊತೆ ಅಲುಗುತ್ತಿದ್ದವು.

"ಒಂದು ಶಬ್ದ ಬಿಟ್ಟಿಲ್ಲ," ಎಂದರು. "ಈ ಸಿನಿಮಾಕ್ಕ ಬಂದವರು ಇಷ್ಟೊತ್ತಿಗೆ ಎದ್ದು ಹೋಗಿರ್ತಾರ. ಅದು ಆಕಿಗೂ ಗೊತ್ತಿತ್ತು. ಆದ್ರೂ ಪೂರ್ತಿ ಕಲ್ತಾಳ ತಂಗಿ."

ಕಾಕು ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಸ್ವಲ್ಪ ಹೊತ್ತು ನಿಂತೇ ನೋಡಿದರು. ಆಮೇಲೆ ಗಂಡನ ಪಕ್ಕ ಕೂತರು.

"ದನಿ ಏರಸ್ರಿ," ಎಂದರು. "ಪಾಪ, ಆಕೀದು ಕೇಳಿಸವಲ್ದು."